ಕೂದಲು ಹೋದರೆ ಹೋಗಲಿ



ನಮ್ಮ ಸಮಾಜದ ಮದುವೆಗಳಲ್ಲಿ, ಪಂಚಕಲ್ಯಾಣಗಳಲ್ಲಿ ನಾಲ್ಕು ಜನ ಸೇರಿದಾಗ "ಹುಡುಗ ಏನು ಮಾಡುತ್ತಾನೆ?" ಎಂಬ ಪ್ರಶ್ನೆಗೆ ಮೊದಲೆಲ್ಲ ಒಂದೇ ಉತ್ತರವಿತ್ತು. ಅಂಗಡಿ ನೋಡಿಕೊಳ್ಳುತ್ತಾನೆ. ಆಮೇಲೆ ಸಿ.ಎ. ಬಂತು, ಇಂಜಿನಿಯರಿಂಗ್ ಬಂತು, ಅಮೆರಿಕಾ ಬಂತು. ಈ ಉತ್ತರಗಳಿಗೆಲ್ಲ ಕೇಳಿದವರು ತಲೆಯಾಡಿಸುತ್ತಾರೆ. ಆದರೆ ನಾವು "ಮೊಮ್ಮಗ ಮಿಲಿಟರಿ ಅಕಾಡೆಮಿಯಲ್ಲಿದ್ದಾನೆ" ಎಂದು ಹೇಳಿದಾಗ ಪಂಕ್ತಿಯಲ್ಲಿ ಒಂದು ಗಳಿಗೆ ಮೌನ. ಅದರ ನಂತರ ಮೂರು ಪ್ರಶ್ನೆಗಳು ಬರುತ್ತವೆ. ಗಂಡಸರು ಊಟದ ವಿಷಯ ಕೇಳುತ್ತಾರೆ. ಹಿರಿಯರು ಹಿಂಸೆಯ ವಿಷಯ ಕೇಳುತ್ತಾರೆ. ಹೆಣ್ಣುಮಕ್ಕಳು ಮಾತ್ರ "ಅಯ್ಯ, ಹುಡುಗನ ಕೂದಲೆಲ್ಲ ತೆಗೆದುಬಿಡ್ತಾರಂತಲ್ಲ?" ಎನ್ನುತ್ತಾರೆ. ಮೂರನೆಯದನ್ನು ಕೇಳಿ ಗಂಡಸರು ನಗುತ್ತಾರೆ. ನಾವು ನಗುವುದಿಲ್ಲ. ಮೂರರಲ್ಲಿ ನಮ್ಮ ಮನೆಯನ್ನು ಅಲ್ಲಾಡಿಸಿದ್ದು ಆ ಮೂರನೆಯದೇ.

ಮೊದಲಿನ ಎರಡಕ್ಕೆ ಚುಟುಕಾಗಿ ಹೇಳಿಬಿಡುತ್ತೇವೆ. ಮೆಸ್ಸಿನಲ್ಲಿ ಸಸ್ಯಾಹಾರ ಸಿಗುತ್ತದೆ. ಆದರೆ ರಾತ್ರಿಭೋಜನ ತ್ಯಾಗ ನಡೆಯುವುದಿಲ್ಲ, ಬಟಾಟೆ ಬಿಟ್ಟರೆ ಹೊಟ್ಟೆ ತುಂಬುವುದಿಲ್ಲ. ಅಷ್ಟು ಸಡಿಲು ಮಾಡಿಕೊಂಡೇ ಹೋಗಬೇಕು. ಇನ್ನು ಹಿಂಸೆಯ ಮಾತು. ಶ್ರಾವಕನಿಗೆ ಸಂಕಲ್ಪೀ ಹಿಂಸೆ ಸರ್ವಥಾ ವರ್ಜ್ಯ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಗೃಹಸ್ಥನಿಗೆ ಪೂರ್ತಿ ತಪ್ಪಿದ್ದಲ್ಲ, ಆದಷ್ಟು ಕಡಿಮೆ ಮಾಡಬೇಕು ಎಂದು ನಮ್ಮ ಆಚಾರ್ಯರೇ ವಿಂಗಡಿಸಿಟ್ಟಿದ್ದಾರೆ. ದೇಶದ ಗಡಿ ಕಾಯುವುದು ವಿರೋಧೀ ಹಿಂಸೆಯ ಲೆಕ್ಕಕ್ಕೆ ಬರುತ್ತದೆ. ಶ್ರವಣಬೆಳಗೊಳದಲ್ಲಿ ಕ್ರಿ.ಶ. 981ರ ಸುಮಾರಿಗೆ 58 ಅಡಿಯ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಜೈನ. 1385ರಲ್ಲಿ ಹಂಪಿಯಲ್ಲಿ ಕುಂಥುನಾಥರ ಚೈತ್ಯಾಲಯ ಕಟ್ಟಿಸಿದ ಇರುಗಪ್ಪನೂ ದಂಡನಾಯಕನೇ. ಇವರಿಗೆಲ್ಲ ಕೈಮುಗಿದು ಬಂದು, ಸೈನ್ಯಕ್ಕೆ ಹೋಗುವ ಹುಡುಗನನ್ನು ಮಾತ್ರ ಅನುಮಾನದಿಂದ ನೋಡುವುದು ನಮಗೆ ಸರಿ ಕಾಣುವುದಿಲ್ಲ.

ಈಗ ಕೂದಲಿನ ಮಾತು.

ಹುಡುಗ ನಮ್ಮ ಮಗಳ ಮಗ. ಹುಬ್ಬಳ್ಳಿಯಲ್ಲಿ ಬೆಳೆದವನು, ರಜೆ ಎಂದರೆ ಸಾಂಗೆಯ ನಮ್ಮ ಅಂಗಡಿಯಲ್ಲಿ ಇರುವವನು. ಅವನು ಸೇರಿದ ಅಕಾಡೆಮಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಅವನಿನ್ನೂ ಕಲಿಯುತ್ತಿದ್ದಾನೆ, ಅಜ್ಜ ಪತ್ರಿಕೆಯಲ್ಲಿ ಬರೆದದ್ದು ಅಲ್ಲಿಯ ಉಸ್ತಾದರ ಕಣ್ಣಿಗೆ ಬಿದ್ದರೆ ಹುಡುಗನಿಗೆ ಇನ್ನೆರಡು ಸುತ್ತು ಓಟ ಹೆಚ್ಚಾದೀತು! ಪರೀಕ್ಷೆ ಬರೆದ, ಐದು ದಿವಸದ ಎಸ್.ಎಸ್.ಬಿ. ಸಂದರ್ಶನ ಪಾಸಾದ, ವೈದ್ಯಕೀಯ ಪರೀಕ್ಷೆಯಲ್ಲೂ ಪಾಸಾದ. ಇಷ್ಟೂ ಕಾಲ ಅವನ ಕೂದಲು ಹಣೆಯ ಮೇಲೆ ಇಳಿದು ಹುಬ್ಬು ಮುಟ್ಟುತ್ತಿತ್ತು. ಗೋವೆಯ ಫುಟ್‌ಬಾಲ್ ಹುಡುಗರನ್ನು ನೋಡಿ ಕಲಿತದ್ದು. ದಿನಕ್ಕೆ ಎಷ್ಟು ಸಲ ಬಾಚುತ್ತಿದ್ದನೋ ನಾವು ಲೆಕ್ಕ ಇಟ್ಟಿಲ್ಲ. ಅಂಗಡಿಯ ತೂಕದ ಯಂತ್ರದ ಸ್ಟೀಲ್ ತಟ್ಟೆಯಲ್ಲೂ ತಲೆ ನೋಡಿಕೊಳ್ಳುತ್ತಿದ್ದ.

ಹೊರಡುವ ಮುಂಚೆ ನಮ್ಮ ಸಾಂಗೆ ಪೇಟೆಯ ಕಟಿಂಗ್ ಅಂಗಡಿಗೆ ಕರೆದೊಯ್ದು ಸಣ್ಣಗೆ ಮಾಡಿಸಿದೆವು. ಅಲ್ಲಿ ಹೋಗಿ ಒಮ್ಮೆಲೇ ಹೋಗುವುದಕ್ಕಿಂತ ಇಲ್ಲಿ ಅರ್ಧ, ಅಲ್ಲಿ ಅರ್ಧ ಹೋದರೆ ನೋವು ಕಡಿಮೆ ಎಂಬ ಲೆಕ್ಕ. ಕಟಿಂಗ್ ಮಾಡುವವರು "ಪಾತ್ರಾಂವ, ಅಲ್ಲಿ ಇದು ನಡೆಯೋದಿಲ್ಲ, ಮತ್ತೆ ತೆಗೀತಾರೆ" ಎಂದು ಮೊದಲೇ ಎಚ್ಚರಿಸಿದ್ದರು. ಹಾಗೆಯೇ ಆಯಿತು. ಅಕಾಡೆಮಿ ಮುಟ್ಟಿದ ದಿನವೇ ಸಾಲಾಗಿ ಕೂಡಿಸಿ, ತಲೆಗೆ ಎರಡು ನಿಮಿಷದಂತೆ ಮಷೀನ್ ಓಡಿಸಿದರಂತೆ. ಪಕ್ಕಗಳಲ್ಲಿ ಚರ್ಮ ಕಾಣುವಷ್ಟು, ನೆತ್ತಿಯ ಮೇಲೆ ಹಲ್ಲುಜ್ಜುವ ಬ್ರಷ್ಷಿನಷ್ಟು. ಒಳಗೆ ಹೋಗುವಾಗ ಗೆಳೆತನ ಮಾಡಿಕೊಂಡಿದ್ದ ಹುಡುಗ ಹೊರಗೆ ಬಂದಾಗ ಯಾರೆಂದು ಗೊತ್ತಾಗಲಿಲ್ಲ, ಹೆಸರು ಕೇಳಿ ಮತ್ತೆ ಪರಿಚಯ ಮಾಡಿಕೊಳ್ಳಬೇಕಾಯಿತು ಎಂದು ಮೊದಲ ಪತ್ರದಲ್ಲಿ ಬರೆದಿದ್ದ. ಕೆಳಗೆ ಒಂದು ಸಾಲು: "ಅಜ್ಜಾ, ಸಣ್ಣಾವ ಇದ್ದಾಗ ಜಾವಳ ತಗಿಸಿದ್ರೆಲ್ಲಾ, ಇದು ಎರಡನೇ ಜಾವಳ. ಈ ಸಲ ಯಾರೂ ಬೆಲ್ಲಾ ಹಂಚಲಿಲ್ಲ."

ಈ ಸಾಲು ಓದಿ ನಾವು ಹುಡುಗ ಗೆದ್ದ ಎಂದೇ ತಿಳಿದೆವು. ನಮ್ಮ ಮಗಳು ಅದೇ ಸಾಲು ಓದಿ ಅತ್ತಳು. ಅವಳು ಪೆಟ್ಟಿಗೆಯಲ್ಲಿ ಒಂದು ಹೊಸ ಬಾಚಣಿಗೆ, ಒಂದು ಕೊಬ್ಬರಿ ಎಣ್ಣೆ ಬಾಟಲಿ ಇಟ್ಟು ಕಳಿಸಿದ್ದಳು. ಬಾಚಣಿಗೆಯಿಂದ ಈಗ ಬೂಟಿನ ಬ್ರಷ್ಷಿನ ಮಣ್ಣು ತೆಗೆಯುತ್ತಾನಂತೆ.

ನಿಯಮ ಮೊದಲ ದಿನಕ್ಕೆ ಮುಗಿಯುವುದಿಲ್ಲ. ವಾರಕ್ಕೊಮ್ಮೆ ಕ್ಷೌರ. ಕಿವಿಯ ಮೇಲೆ ಒಂದು ಎಳೆ ಬರಬಾರದು, ಕತ್ತಿನ ಹಿಂದೆ ಕೂದಲಿನ ಗೆರೆ ಕಾಣಬಾರದು. ಮುಂಜಾನೆ ಸಾಲಿನಲ್ಲಿ ನಿಲ್ಲುವ ಮುಂಚೆ ದಿನಾಲು ಗಡ್ಡ ಹೆರೆದಿರಬೇಕು, ಗಡ್ಡ ಇರಲಿ ಬಿಡಲಿ. ನಮ್ಮ ಹುಡುಗನಿಗೆ ಗಲ್ಲದ ಮೇಲೆ ಎಣಿಸಿದರೆ ಹತ್ತು ಕೂದಲು. ಆ ಹತ್ತಕ್ಕೂ ದಿನಾಲು ನೊರೆ, ದಿನಾಲು ಬ್ಲೇಡು. ವ್ಯಾಪಾರದ ಭಾಷೆಯಲ್ಲಿ ಹೇಳಿದರೆ ಮಾಲಿಲ್ಲದ ಗೋದಾಮಿಗೆ ಕಾವಲು.

ಎಲ್ಲರಿಗೂ ಇದೇ ನಿಯಮವೇ ಎಂದು ಕೇಳಬಹುದು. ಇಲ್ಲ. ಕೇಶ ತೆಗೆಯುವುದು ಧರ್ಮದಲ್ಲೇ ನಿಷಿದ್ಧವಾದವರಿಗೆ ವಿನಾಯಿತಿ ಇದೆ. ಸಿಖ್ಖರು ಕೇಶ, ಗಡ್ಡ ಉಳಿಸಿಕೊಂಡು ಪಗಡಿ ಕಟ್ಟುತ್ತಾರೆ. ವಾಯುಪಡೆಯ ಒಬ್ಬ ಸಿಬ್ಬಂದಿ ಗಡ್ಡ ಬಿಡಲು ಅನುಮತಿ ಕೇಳಿದ ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಗಿ, 2016ರ ಡಿಸೆಂಬರಿನಲ್ಲಿ ತೀರ್ಪಾಯಿತು. ಧರ್ಮ ಕೂದಲು ತೆಗೆಯಬಾರದೆಂದು ಕಟ್ಟುಮಾಡಿದ್ದರೆ ಮಾತ್ರ ವಿನಾಯಿತಿ, ಉಳಿದವರಿಗೆ ಪಡೆಯ ಏಕರೂಪವೇ ನಿಯಮ ಎಂಬುದು ಅದರ ಸಾರಾಂಶ. ನೌಕಾಪಡೆಯಲ್ಲಿ ಅನುಮತಿ ಪಡೆದು ಗಡ್ಡ ಬಿಡುವ ರೂಢಿ ಮೊದಲಿನಿಂದ ಇದೆ. ಖಡಕವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ 2022ರಿಂದ ಹೆಣ್ಣುಮಕ್ಕಳೂ ಸೇರುತ್ತಿದ್ದಾರೆ, ಮೊದಲ ತಂಡ 2025ರ ಮೇ ತಿಂಗಳಲ್ಲಿ ಉತ್ತೀರ್ಣವಾಗಿ ಹೊರಬಂತು. ಸೈನ್ಯದಲ್ಲಿ ಹೆಣ್ಣುಮಕ್ಕಳು ಕೂದಲು ಗಿಡ್ಡ ಮಾಡಿಸಬೇಕು, ಇಲ್ಲವೇ ಬಿಗಿಯಾಗಿ ತುರುಬು ಕಟ್ಟಬೇಕು. ನಮ್ಮ ಮೊಮ್ಮಗನ ಪಕ್ಕದ ಮಂಚದಲ್ಲಿ ಒಬ್ಬ ಸರದಾರ ಹುಡುಗನಿದ್ದಾನೆ. ಕ್ಷೌರ ತಪ್ಪಿತೆಂದು ಮೊದಲ ವಾರ ಎಲ್ಲರೂ ಅವನನ್ನು ನೋಡಿ ಹೊಟ್ಟೆಕಿಚ್ಚು ಪಟ್ಟರಂತೆ. ಆಮೇಲೆ ತಿಳಿಯಿತು, ಪಗಡಿ ನೆಟ್ಟಗೆ ಕಟ್ಟಲು ಅವನು ಎಲ್ಲರಿಗಿಂತ ಕಾಲು ಗಂಟೆ ಮೊದಲು ಏಳುತ್ತಾನೆ. ಅಲ್ಲಿ ಕಾಲು ಗಂಟೆ ನಿದ್ದೆ ಎಂದರೆ ಬಂಗಾರ. ಹೊಟ್ಟೆಕಿಚ್ಚು ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಯಾಕೆ ಬೇಕು? ಕೂದಲಿಗೂ ಯುದ್ಧಕ್ಕೂ ಏನು ಸಂಬಂಧ? ನಾವು ಮೆಟ್ರಿಕ್ ತನಕ ಓದಿದವರು, ಆದರೂ ಅಂಗಡಿಯ ಮಧ್ಯಾಹ್ನದ ಬಿಡುವಿನಲ್ಲಿ ಓದುವ ಚಟವಿದೆ. ಅಲೆಕ್ಸಾಂಡರ್ ತನ್ನ ಸೈನಿಕರಿಗೆ ಗಡ್ಡ ಬೋಳಿಸಲು ಹೇಳಿದನಂತೆ, ಕೈಗೆ ಕೈ ಹತ್ತಿದಾಗ ವೈರಿ ಗಡ್ಡ ಹಿಡಿದು ಎಳೆಯಬಾರದೆಂದು. 1914ರಿಂದ 1918ರ ಮಹಾಯುದ್ಧದಲ್ಲಿ ಕಂದಕಗಳಲ್ಲಿ ತಿಂಗಳುಗಟ್ಟಲೆ ಇದ್ದ ಸೈನಿಕರಿಗೆ ಹೇನಿನಿಂದ ಜ್ವರ ಹರಡಿತು. 1915ರಿಂದ ವಿಷಾನಿಲ ಬಂತು, ಅದಕ್ಕೆ ಮುಖವಾಡ ಬಂತು. ಗಡ್ಡವಿದ್ದರೆ ಮುಖವಾಡ ಚರ್ಮಕ್ಕೆ ಅಂಟಿ ಕೂಡುವುದಿಲ್ಲ, ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಇವು ಒಪ್ಪುವ ಕಾರಣಗಳು. ಒಪ್ಪದ ಕಾರಣಗಳೂ ಇದ್ದವು. ಇಂಗ್ಲಿಷ್ ಸೈನ್ಯದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಮೇಲ್ತುಟಿ ಬೋಳಿಸಬಾರದು, ಮೀಸೆ ಇರಲೇಬೇಕು ಎಂಬ ನಿಯಮವಿತ್ತು. 1916ರ ಅಕ್ಟೋಬರಿನಲ್ಲಿ ಅದನ್ನು ರದ್ದು ಮಾಡಿದರು. ಆ ಆಜ್ಞೆಗೆ ಸಹಿ ಮಾಡಿದ ಜನರಲ್ ಮ್ಯಾಕ್ರೆಡಿ ಅಂದೇ ಹೋಗಿ ತಮ್ಮ ಮೀಸೆ ತೆಗೆಸಿಕೊಂಡರಂತೆ. ಅಷ್ಟು ವರ್ಷ ಬೇಡದ ಮೀಸೆ ಹೊತ್ತು ತಿರುಗಿದ ಪಾಪದ ಮನುಷ್ಯ!

ಆದರೆ ಕೂದಲಿನ ನಿಯಮ ನಗೆಯ ಮಾತಲ್ಲ ಎಂಬುದಕ್ಕೆ ನಮ್ಮ ದಕ್ಷಿಣದಲ್ಲೇ ಒಂದು ದೊಡ್ಡ ಸಾಕ್ಷಿ ಇದೆ. 1805ರ ನವೆಂಬರಿನಲ್ಲಿ ಕಂಪನಿ ಸರಕಾರದ ಮದ್ರಾಸ್ ಸೈನ್ಯದ ದಂಡನಾಯಕ ಸರ್ ಜಾನ್ ಕ್ರಾಡಾಕ್ ಒಂದು ಹುಕುಂ ಹೊರಡಿಸಿದ. ಸಿಪಾಯಿಗಳು ಕವಾಯತಿನಲ್ಲಿ ಹಣೆಗೆ ನಾಮ, ವಿಭೂತಿ ಹಚ್ಚಬಾರದು, ಕಿವಿಗೆ ಒಂಟಿ ಹಾಕಬಾರದು, ಗಡ್ಡ ಬೋಳಿಸಬೇಕು, ಮೀಸೆಯನ್ನು ಸರಕಾರ ಹೇಳಿದ ಮಾದರಿಯಲ್ಲಿ ಕತ್ತರಿಸಬೇಕು. ಮೇಲೆ ತೊಗಲಿನ ಗೊಂಡೆ ಇರುವ ಹೊಸ ತರಹದ ಪಗಡಿ. ಹಿಂದೂ ಸಿಪಾಯಿಗೆ ನಾಮ ಹೋಯಿತು, ಮುಸಲ್ಮಾನ ಸಿಪಾಯಿಗೆ ಗಡ್ಡ ಹೋಯಿತು, ತೊಗಲಂತೂ ಇಬ್ಬರಿಗೂ ಸಂಕಟ. ಇದು ಯಾಕೆ ಎಂದು ಒಬ್ಬರೂ ಕೂತು ತಿಳಿಸಿ ಹೇಳಲಿಲ್ಲ. ಒಲ್ಲೆ ಎಂದವರಿಗೆ ಚಾಟಿ ಏಟು ಬಿತ್ತು. ಆಗ ವೆಲ್ಲೂರಿನ ಕೋಟೆಯಲ್ಲಿ ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದರು. 1806ರ ಜುಲೈ 10ರ ನಸುಕಿನಲ್ಲಿ ಆ ಕೋಟೆಯ ಸಿಪಾಯಿಗಳು ದಂಗೆ ಎದ್ದರು. ಒಂದೇ ದಿನದಲ್ಲಿ ಎರಡೂ ಕಡೆ ಸೇರಿ ನೂರಾರು ಜೀವ ಹೋದವು. ಕೊನೆಗೆ ಹುಕುಂ ಹಿಂದಕ್ಕೆ ಪಡೆದರು, ಕ್ರಾಡಾಕ್‌ನನ್ನೂ ಗವರ್ನರ್ ಬೆಂಟಿಂಕ್‌ನನ್ನೂ ವಾಪಸು ಕರೆಸಿಕೊಂಡರು. 1857ಕ್ಕಿಂತ ಐವತ್ತು ವರ್ಷ ಮೊದಲಿನ ಮಾತು ಇದು.

ಇದನ್ನು ಓದಿದ ಮೇಲೆ ನಮಗೆ ಒಂದು ವಿಷಯ ಹೊಳೆಯಿತು. ತಲೆಯಿಂದ ಹೋಗುವ ಕೂದಲು ಎಲ್ಲ ಕಡೆ ಒಂದೇ. ಬೇರೆಯವರು ಕಸಿದುಕೊಂಡರೆ ಅದು ಅಪಮಾನ, ತಾನೇ ಕೊಟ್ಟರೆ ಅದು ತ್ಯಾಗ. ನಮ್ಮ ಮುನಿಗಳ ಕೇಶಲೋಚವನ್ನು ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. 28 ಮೂಲಗುಣಗಳಲ್ಲಿ ಲೋಚವೂ ಒಂದು. ಎರಡು ತಿಂಗಳಿಗೆ ಮಾಡಿದರೆ ಉತ್ತಮ, ಮೂರಕ್ಕೆ ಮಧ್ಯಮ, ನಾಲ್ಕಕ್ಕೆ ಜಘನ್ಯ. ಕತ್ತರಿಯಿಲ್ಲ, ಬ್ಲೇಡಿಲ್ಲ, ಬೂದಿ ಹಚ್ಚಿಕೊಂಡು ತಮ್ಮ ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಶಾಸ್ತ್ರ ಕೊಡುವ ಕಾರಣ ನೋಡಿ. ಕೂದಲು ಬೆಳೆದರೆ ಹೇನಾಗುತ್ತದೆ, ಹೇನಾದರೆ ಹಿಂಸೆಯಾಗುತ್ತದೆ. ಕತ್ತರಿ ಬೇಕೆಂದರೆ ಇನ್ನೊಬ್ಬರನ್ನು ಯಾಚಿಸಬೇಕು, ಅಲ್ಲಿ ದೈನ್ಯ ಬರುತ್ತದೆ. ದೇಹದ ಮೇಲಿನ ಮೋಹವೂ ಕಡಿಮೆಯಾಗಬೇಕು. ಸೈನ್ಯದವರೂ ಹೇನಿನ ಕಾರಣ ಹೇಳುತ್ತಾರೆ, ಆದರೆ ಅವರಿಗೆ ಜ್ವರದ ಭಯ, ನಮ್ಮವರಿಗೆ ಹೇನಿನ ಜೀವದ ಚಿಂತೆ.

ನಾವು ಹುಡುಗನನ್ನು ಮುನಿಗಳಿಗೆ ಹೋಲಿಸುತ್ತಿಲ್ಲ. ಹಾಗೆ ಹೋಲಿಸುವುದು ಅವಿನಯ. ಮುನಿಗಳು ಕರ್ಮನಿರ್ಜರೆಗಾಗಿ ಸಹಿಸುತ್ತಾರೆ, ಇವನು ಹೆಗಲ ಮೇಲೆ ನಕ್ಷತ್ರ ಬರಲೆಂದು ಸಹಿಸುತ್ತಾನೆ. ಆದರೂ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿದ 22 ಪರೀಷಹಗಳ ಪಟ್ಟಿಯನ್ನು ಒಂದು ಸಂಜೆ ತೆರೆದು, ಅವನ ಪತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಟಿಕ್ ಹಾಕಿದೆವು. ಕ್ಷುಧಾ, ತೃಷಾ, ಶೀತ, ಉಷ್ಣ, ದಂಶಮಶಕ ಎಂದರೆ ಸೊಳ್ಳೆ, ಚರ್ಯಾ ಎಂದರೆ ನಡೆತ, ಶಯ್ಯಾ ಎಂದರೆ ಮಲಗುವ ಕಷ್ಟ, ಆಕ್ರೋಶ ಎಂದರೆ ಬೈಗುಳ. ಎಂಟು ಸಿಕ್ಕವು. ಕೊನೆಯದೇ ಅವನಿಗೆ ಬಲು ಭಾರವಾಯಿತು.

ಆರನೆಯ ವಾರದ ಭಾನುವಾರ ಫೋನ್ ಬಂತು. ವಾರಕ್ಕೆ ಹತ್ತು ನಿಮಿಷ ಮಾತ್ರ ಫೋನು. ಅಷ್ಟರಲ್ಲಿ ಏಳು ನಿಮಿಷ ಅವನು ಮಾತಾಡಲೇ ಇಲ್ಲವಂತೆ. ಕೊನೆಗೆ "ಅವ್ವಾ, ನಾ ಬರತೀನಿ, ನನ್ನ ಕೈಲಿ ಆಗೂದಿಲ್ಲ" ಎಂದ. ಮಂಡಿ ಸುಲಿದಿದೆ, ನಿದ್ದೆಯಿಲ್ಲ, ಒಂದೇ ವಾರದಲ್ಲಿ ಎರಡು ಸಲ ಕ್ಷೌರಕ್ಕೆ ಕಳಿಸಿದರು ಎಂದು ಕಾರಣ ಕೊಟ್ಟ. ಓಟದಲ್ಲಿ ಅವನು ಹಿಂದೆ ಬಿದ್ದವನಲ್ಲ, ಓದಿನಲ್ಲೂ ಅಲ್ಲ. ಆದದ್ದಿಷ್ಟು. ಮುಂದಿನ ತಂಡದ ಹುಡುಗರು ಅವನ ಬೋಳು ತಲೆ, ಅಗಲ ಕಿವಿ ನೋಡಿ ಒಂದು ಅಡ್ಡಹೆಸರು ಇಟ್ಟಿದ್ದರು. ಊಟದ ಮನೆಯಲ್ಲಿ ಆ ಹೆಸರು ಕೂಗಿದಾಗ ಎಲ್ಲರೂ ನಕ್ಕರು. ಇವನು ತಲೆ ಎತ್ತಿ ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡ. ಗುರುತೇ ಸಿಗಲಿಲ್ಲ. ಎರಡನೆಯ ಜಾವಳ ಎಂದು ಬರೆದ ಹುಡುಗ ಆರು ವಾರದಲ್ಲಿ ನಗುವುದನ್ನೇ ಬಿಟ್ಟಿದ್ದ.

ಮಗಳು ಮರುದಿನವೇ ಲೋಂಡಾ ಮಾರ್ಗದ ರೈಲು ಹತ್ತಿ ಕುಡಚಡೆಯಲ್ಲಿ ಇಳಿದು ಸಾಂಗೆಗೆ ಬಂದಳು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಎಲ್ಲರೂ ಕೂತೆವು. ನಮ್ಮ ಧರ್ಮಪತ್ನಿ "ಕರಕೊಂಡು ಬರ್ರಿ" ಎಂದಳು. ನಮ್ಮ ತಮ್ಮ "ಅಂಗಡಿ ಐತೆಲ್ಲಾ ಅಣ್ಣಾ, ಬಂದು ಗಲ್ಲೇದ ಮ್ಯಾಲ ಕುಂಡ್ರಲಿ" ಎಂದ. ಅಳಿಯಂದಿರು ಫೋನಿನಲ್ಲಿ ಬಾಂಡಿನ ಮಾತು ತೆಗೆದರು. ಇದು ಗೊತ್ತಿಲ್ಲದ ಪಾಲಕರು ತಿಳಿದುಕೊಳ್ಳಲಿ. ಸೇರುವಾಗ ಪಾಲಕರಿಂದ ಒಂದು ಬಾಂಡ್ ಬರೆಸಿಕೊಳ್ಳುತ್ತಾರೆ, ಹುಡುಗ ತನ್ನ ಇಚ್ಛೆಯಿಂದ ನಡುವೆ ಬಿಟ್ಟು ಬಂದರೆ ತರಬೇತಿಯ ಖರ್ಚು ತುಂಬಿಕೊಡಬೇಕಾಗುತ್ತದೆ. ನಾವು ವ್ಯಾಪಾರಸ್ಥರು, ಹಣದ ಮಾತು ಕೇಳಿದರೆ ಕಿವಿ ನಿಮಿರುತ್ತದೆ. ಆದರೂ ಆ ರಾತ್ರಿ ಹೇಳಿದೆವು, ಈ ಮಾತು ಹುಡುಗನ ಕಿವಿಗೆ ಯಾರೂ ಹಾಕಬಾರದು. ಹಣದ ಭಯಕ್ಕೆ ಅಲ್ಲಿ ಉಳಿದವನು ಅಲ್ಲಿಯೂ ಸೈ ಅಲ್ಲ, ಇಲ್ಲಿಯೂ ಸೈ ಅಲ್ಲ. ಬರುವುದಿದ್ದರೆ ಬರಲಿ, ಬಾಗಿಲು ತೆರೆದೇ ಇದೆ. ಆದರೆ ಟರ್ಮ್ ಮುಗಿದು ರಜೆಗೆ ಬಂದಾಗ ಮನೆಯಲ್ಲಿ ಕೂತು ನಿರ್ಧಾರ ಮಾಡಲಿ, ಸುಲಿದ ಮಂಡಿಯ ಮೇಲೆ ನಿಂತು ಮಾಡುವುದು ಬೇಡ. ಅಲ್ಲಿಯತನಕ ವಾರಕ್ಕೊಂದು ಪತ್ರ ನಾವೇ ಬರೆಯುತ್ತೇವೆ, ಅದರಲ್ಲಿ ಉಪದೇಶದ ಒಂದು ಅಕ್ಷರವೂ ಇರುವುದಿಲ್ಲ ಎಂದು ಮಗಳಿಗೆ ಮಾತು ಕೊಟ್ಟೆವು.

ನಮ್ಮ ತಮ್ಮ ಸ್ವಾಧ್ಯಾಯದವನು. ಅವನದೊಂದು ಆಕ್ಷೇಪ ಬಂತು. "ಅಣ್ಣಾ, ಹಾಸ್ಯ ಒಂಬತ್ತು ನೋಕಷಾಯದಾಗ ಒಂದು. ಹುಡುಗಗ ಧರ್ಮಾ ಕಲಿಸೂದ ಬಿಟ್ಟು ನೀ ಕಷಾಯ ಕುಡಿಸಾಕತ್ತೀ?" ಮಾತು ಸುಳ್ಳಲ್ಲ. ಹಾಸ್ಯ, ರತಿ, ಅರತಿ, ಶೋಕ, ಭಯ ಎಂದು ಆ ಪಟ್ಟಿ ಹಾಸ್ಯದಿಂದಲೇ ಶುರುವಾಗುತ್ತದೆ. ನಾವು ಎರಡು ದಿನ ಯೋಚಿಸಿದೆವು. ಅದೇ ಪಟ್ಟಿಯಲ್ಲಿ ಶೋಕವೂ ಇದೆ, ಭಯವೂ ಇದೆ, ಬೇಸರ ಎಂಬ ಅರತಿಯೂ ಇದೆ. ಹುಡುಗ ಈಗ ಆ ಮೂರರಲ್ಲಿ ಕುತ್ತಿಗೆಯ ತನಕ ಮುಳುಗಿದ್ದಾನೆ. ಅವನ ಅಡ್ಡಹೆಸರು ಕೂಗಿ ನಕ್ಕವರ ನಗೆ ಖಂಡಿತ ನೋಕಷಾಯ, ಅದು ಇನ್ನೊಬ್ಬನನ್ನು ಕೆಳಗೆ ಹಾಕುವ ನಗೆ. ಆದರೆ ತನ್ನ ಬೋಳು ತಲೆಯನ್ನು ತಾನೇ ನೋಡಿ ನಗುವವನು ಯಾರನ್ನು ಕೆಳಗೆ ಹಾಕಿದ? ತನ್ನ ಮಾನಕಷಾಯವನ್ನೇ ಅಲ್ಲವೇ? ದಶಲಕ್ಷಣದಲ್ಲಿ ಎರಡನೆಯ ದಿನ ನಾವು ಪೂಜಿಸುವ ಉತ್ತಮ ಮಾರ್ದವದ ಹಾದಿ ಅದು. ಕ್ಷೌರದ ಮಷೀನು ಕೂದಲನ್ನಷ್ಟೇ ತೆಗೆಯಬಲ್ಲದು. ಕೂದಲ ಕೆಳಗಿನ "ನಾನು" ಎಂಬುದಕ್ಕೆ ಅದರ ಹಲ್ಲು ಮುಟ್ಟುವುದಿಲ್ಲ. ತಮ್ಮ ಪೂರ್ತಿ ಒಪ್ಪಲಿಲ್ಲ. ವಿದ್ವಾಂಸರು ಯಾರಾದರೂ ಇದೇ ಪತ್ರಿಕೆಯಲ್ಲಿ ತೀರ್ಮಾನ ಬರೆದರೆ ಇಬ್ಬರೂ ಓದುತ್ತೇವೆ.

ಪತ್ರಗಳಲ್ಲಿ ನಾವು ಏನು ಬರೆದೆವು? ಅಂಗಡಿಯ ಸುದ್ದಿ. ಮಳೆಗೆ ಸಾಂಗೆಯಲ್ಲಿ ಮೂರು ದಿನ ಕರೆಂಟು ಹೋಗಿ, ಟಾರ್ಚು ಮಾರುವ ನಮ್ಮ ಅಂಗಡಿಯಲ್ಲೇ ಒಂದು ಟಾರ್ಚಿಗೂ ಸೆಲ್ ಇಲ್ಲದೆ ಮೇಣಬತ್ತಿ ಬೆಳಕಿನಲ್ಲಿ ಟಾರ್ಚು ಮಾರಿದ್ದು. ಸಾಳಾವಲಿ ಅಣೆಕಟ್ಟು ತುಂಬಿದಾಗ ನೋಡಲು ಬಂದ ಪ್ರವಾಸಿಗರೊಬ್ಬರು ಕೊಡೆ ಕೊಂಡು, ಕೊಡೆ ನೆನೆಯಬಾರದೆಂದು ಪ್ಲಾಸ್ಟಿಕ್ ಚೀಲ ಕೇಳಿದ್ದು. ನಮ್ಮ ತಲೆಯ ಸ್ಥಿತಿಯನ್ನೂ ಬರೆದೆವು. "ನಿನ್ನ ಕೂದಲು ಸರಕಾರ ತೆಗೆಯಿತು, ನಮ್ಮದನ್ನು ಕಾಲ ತೆಗೆಯಿತು. ನಿನ್ನದು ತಿರುಗಿ ಬರುವ ಮಾಲು, ನಮ್ಮದು ರಿಟರ್ನ್ ಇಲ್ಲ." ಬೆಳಗಾವಿಯಲ್ಲಿ ನಾವು ಹುಡುಗರಿದ್ದಾಗ ಮರಾಠಾ ಲೈಟ್ ಇನ್‌ಫಂಟ್ರಿಯ ಹೊಸ ರಂಗರೂಟರು ಸಾಲಾಗಿ ಕ್ಯಾಂಪಿನ ರಸ್ತೆಯಲ್ಲಿ ಓಡುವುದನ್ನು ನೋಡಿ ತಲೆ ಎಣಿಸುತ್ತಿದ್ದದ್ದನ್ನು ಬರೆದೆವು. ಗೋವೆಯ ನೌಕಾ ಅಕಾಡೆಮಿಯನ್ನೂ ನೆನಪಿಸಿದೆವು. 1986ರಿಂದ ಅದು ಪಣಜಿಯ ಎದುರು, ಮಾಂಡವಿಯ ಆಚೆ ದಂಡೆಯ ವೆರೆಂನಲ್ಲಿ ಇತ್ತು. 2009ರ ಜನವರಿಯಲ್ಲಿ ಕೇರಳದ ಕಣ್ಣೂರು ಜಿಲ್ಲೆಯ ಎಳಿಮಲದಲ್ಲಿ, ನಮ್ಮ ಕಾಸರಗೋಡಿಗೆ ಹತ್ತಿರದಲ್ಲಿ, ಹೊಸ ಅಕಾಡೆಮಿ ಉದ್ಘಾಟನೆಯಾಗಿ ಅಲ್ಲಿಗೆ ಹೋಯಿತು. ಪಣಜಿಗೆ ಸರಕಿಗೆ ಹೋದಾಗ ಬಿಳಿ ಬಟ್ಟೆಯ ಆ ಹುಡುಗರು ರಜೆಯ ದಿನ ಐಸ್‌ಕ್ರೀಮ್ ತಿನ್ನುವುದನ್ನು ಕಾಣುತ್ತಿದ್ದೆವು. ಅಷ್ಟು ಸಣ್ಣ ಕೂದಲು, ಅಷ್ಟು ದೊಡ್ಡ ಐಸ್‌ಕ್ರೀಮು. ಅವರಲ್ಲಿ ಎಷ್ಟು ಜನ ಈಗ ಹಡಗು ನಡೆಸುತ್ತಿರಬಹುದೋ!

ಮೊದಲ ಎರಡು ಪತ್ರಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಬಂತು. ಕನ್ನಡ ಅಕ್ಷರ ಅವನದು ಮೊದಲಿನಿಂದಲೂ ಕೋಳಿ ಕೆದರಿದ ಹಾಗೆ, ಅದರಲ್ಲೂ ರಾತ್ರಿ ದೀಪ ಆರುವ ಮುಂಚೆ ಬರೆದದ್ದು. ವಿಷಯ ಹೀಗಿತ್ತು. ಶನಿವಾರ ಕ್ಷೌರವಾಗಿತ್ತು. ಸೋಮವಾರ ತಪಾಸಣೆಯಲ್ಲಿ ಉಸ್ತಾದರು ಇವನ ಹಿಂದೆ ನಿಂತು, "ಯೇ ಬಾಲ್ ಹೈಂ ಯಾ ಗನ್ನೇ ಕಾ ಖೇತ್?" ಎಂದರು. ಕೂದಲೋ ಕಬ್ಬಿನ ಗದ್ದೆಯೋ ಎಂದು ಅರ್ಥ. ಕ್ಷೌರಕ್ಕೆ ಓಡು ಎಂದರು. ಓಡಿದ. ಕ್ಷೌರಿಕರು ವಯಸ್ಸಾದವರು, ಮೂವತ್ತು ವರ್ಷದಿಂದ ಅಲ್ಲೇ ಇರುವವರು. ತಲೆಯನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಕತ್ತರಿಸಲು ಏನೂ ಸಿಗಲಿಲ್ಲ. ಕಡೆಗೆ ಮಷೀನನ್ನು ಬಂದ್ ಮಾಡಿಯೇ ತಲೆಯ ತುಂಬ ಗಂಭೀರವಾಗಿ ಓಡಿಸಿ, ಬಾಯಿಂದ "ಝೂಂ" ಎಂದು ಸದ್ದು ಮಾಡಿ, ಬಟ್ಟೆ ಝಾಡಿಸಿ, "ಆಯಿತು ಸಾಹೇಬ್" ಎಂದರಂತೆ. ಇವನಿಗೆ ನಗು ಉಕ್ಕಿತು. ಆರು ವಾರದ ನಗು ಒಟ್ಟಿಗೆ. ಕುರ್ಚಿಯಿಂದ ಏಳಲು ಆಗಲಿಲ್ಲ. ಓಡಿ ಹೋಗಿ ಉಸ್ತಾದರ ಮುಂದೆ ನಿಂತರೆ ಅವರು ಸುತ್ತ ನೋಡಿ "ಹಾಂ, ಈಗ ಸರಿಯಾಯಿತು" ಎಂದರಂತೆ. ಅವರ ಮೀಸೆಯ ಕೆಳಗೂ ಏನೋ ಅಲುಗಾಡಿತು ಎಂದು ಬರೆದಿದ್ದಾನೆ. ಅಲ್ಲಿ ಎಲ್ಲರೂ ಕೂದಲಿನ ಮೇಲೆ ಒಂದು ನಾಟಕ ಆಡುತ್ತಿದ್ದಾರೆ, ತನಗೊಬ್ಬನಿಗೇ ಅದು ನಾಟಕವೆಂದು ಗೊತ್ತಿರಲಿಲ್ಲ ಎಂಬುದು ಆ ದಿನ ತಿಳಿಯಿತಂತೆ.

ಅಂದು ಸಂಜೆ ಊಟದ ಮನೆಯಲ್ಲಿ ಅಡ್ಡಹೆಸರು ಕೂಗಿದಾಗ ಇವನೇ ಎದ್ದು ನಿಂತು ಸಲ್ಯೂಟ್ ಹೊಡೆದನಂತೆ. ಅಡ್ಡಹೆಸರು ಈಗಲೂ ಇದೆ. ಬೇರೆಯವರಿಗೂ ಒಂದೊಂದು ಇದೆ, ಸರದಾರ ಹುಡುಗನಿಗೆ ಎರಡು ಇವೆ. ಆದರೆ ಕಷ್ಟಗಳು ಕಡಿಮೆಯಾದವು ಎಂದು ತಿಳಿಯಬೇಡಿ. ಅದೇ ಓಟ, ಅದೇ ಕೂಗು. ಮಂಡಿ ಮತ್ತೆ ಸುಲಿಯಿತು. ಗೆಳೆಯರಿಬ್ಬರು ಆ ಟರ್ಮಿನಲ್ಲೇ ಮನೆಗೆ ಹೋದರು. ಅವರಲ್ಲಿ ಒಬ್ಬ ಇವನಿಗಿಂತ ಗಟ್ಟಿ ಮೈಯವನು. ಅವರನ್ನು ನಾವು ಹಗುರವಾಗಿ ಕಾಣುವುದಿಲ್ಲ, ಪ್ರತಿಯೊಬ್ಬನ ಭಾರ ಬೇರೆ. 1932ರಲ್ಲಿ ಡೆಹರಾಡೂನಿನ ಅಕಾಡೆಮಿ ತೆರೆದಾಗ ಮೊದಲ ತಂಡದಲ್ಲಿ ಸೇರಿದ ಮಾಣೆಕ್‌ಶಾ ಅವರು ಮುಂದೆ ಫೀಲ್ಡ್ ಮಾರ್ಷಲ್ ಆದ ಮೇಲೂ ನಗೆಮಾತಿಗೆ ಹೆಸರಾಗಿದ್ದರು ಎಂದು ಹುಡುಗ ಬರೆದಿದ್ದ. ನಮ್ಮ ಕೊಡಗಿನ ಕಾರ್ಯಪ್ಪನವರು ನಗದೆಯೂ ಫೀಲ್ಡ್ ಮಾರ್ಷಲ್ ಆದರಲ್ಲ ಎಂದು ನಾವು ಉತ್ತರ ಬರೆದೆವು. ವಾದ ಇನ್ನೂ ನಡೆದಿದೆ.

ಟರ್ಮ್ ರಜೆಗೆ ಬಂದಾಗ ಉಳಿಯುವ, ಬಿಡುವ ಮಾತನ್ನು ಅವನೂ ತೆಗೆಯಲಿಲ್ಲ, ನಾವೂ ತೆಗೆಯಲಿಲ್ಲ. ತಾಯಿ ಮೊದಲ ದಿನ ಅವನ ತಲೆಯ ಮೇಲೆ ಕೈಯಾಡಿಸಿ ಮುಳ್ಳು 

ಚುಚ್ಚಿದಂತಾಗಿ ಕೈ ತೆಗೆದಳು, ಮರುದಿನದಿಂದ ಬಂದು ಹೋಗುವವರಿಗೆಲ್ಲ "ಮುಟ್ಟಿ ನೋಡ್ರಿ" ಎಂದು ತಾನೇ ತೋರಿಸತೊಡಗಿದಳು. ರಜೆ ಮುಗಿಯುವ ಹಿಂದಿನ ದಿನ ಅವನೇ ಬ್ಯಾಗು ತುಂಬಿಕೊಂಡ.

ಪಾಲಕರಿಗೆ ಉಪಯೋಗವಾಗಲೆಂದು ಒಂದೆರಡು ಮಾತು. ಬಾಚಣಿಗೆ ಕಳಿಸಬೇಡಿ. ಸಾಕ್ಸ್ ಹೆಚ್ಚು ಕಳಿಸಿ. ಫೋನಿನಲ್ಲಿ ಮೊದಲ ಮಾತು "ಸೊರಗಿದೀ ಏನಪಾ" ಎಂದು ಇರಬಾರದು, ಹತ್ತು ನಿಮಿಷದಲ್ಲಿ ಮೂರು ನಿಮಿಷ ಅದಕ್ಕೇ ಹೋಗುತ್ತದೆ. ತಿನಿಸು ಕಳಿಸುವಾಗ ಒಬ್ಬನ ಲೆಕ್ಕ ಹಿಡಿಯಬಾರದು. ಮೊದಲ ಟರ್ಮಿನಲ್ಲಿ ಅವನು ಅರ್ಧ ಕಿಲೋ ಶೇಂಗಾ ಚಟ್ನಿ ಕೇಳಿದ್ದ. ಎರಡನೆಯ ಟರ್ಮಿನಲ್ಲಿ ಎರಡು ಕಿಲೋ. ಕಳೆದ ವಾರ ಬಂದ ಪತ್ರದಲ್ಲಿ ಐದು ಕಿಲೋ ಚಟ್ನಿ, ನೂರು ಸಜ್ಜಿ ರೊಟ್ಟಿ, ಸರದಾರ ಹುಡುಗನಿಗೆ ಬೇರೆಯಾಗಿ ಕರದಂಟು ಎಂದು ಇದೆ. ಪಾರ್ಸಲ್ ಕಟ್ಟಿ ಸಾಂಗೆ ಪೋಸ್ಟಿನಿಂದ ಕಳಿಸಿದ್ದೇವೆ. ಬಿಲ್ಲು ಯಾರ ಹೆಸರಿಗೆ ಬರೆಯಬೇಕು, ಅವನ ಹೆಸರಿಗೋ ಭಾರತ ಸರಕಾರದ ಹೆಸರಿಗೋ ಎಂದು ಒಳಗೆ ಚೀಟಿ ಇಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.